ಎಡ ಹೆಗಲಿನ ಮಡಕೆ

ಶನಿವಾರ ಮಧ್ಯಾಹ್ನ ಮೂರೂ ಇಪ್ಪತ್ತಕ್ಕೆ ಚೈತನ್ಯ ಮಡಕೆಯನ್ನು ಎಡ ಹೆಗಲ ಮೇಲಿಟ್ಟುಕೊಂಡು ಮೂರು ಸುತ್ತು ಬಂದು, ಹಿಂದಕ್ಕೆ ಬಿಟ್ಟಳು. ಮಡಕೆ ಏಳು ಚೂರಾಯಿತು.

ಕುಣಿಗಲ್‌ನ ಅಂಚಿನಲ್ಲಿ ಎಂಟು ವರ್ಷದ ಹಿಂದೆ ನಿಂತುಹೋದ ಅಕ್ಕಿ ಗಿರಣಿಯಲ್ಲಿ ತಾಲೀಮು ನಡೆದಿತ್ತು. ಗಿರಣಿಯವರ ಮಗಳು ಉಮಾಮಹೇಶ್ವರಿ ಹೊರದೇಶಗಳಲ್ಲಿ ನೃತ್ಯ ಮಾಡಿ ಬಂದವಳು. ಐದು ಜನರನ್ನು ಸೇರಿಸಿಕೊಂಡು ‘ಹೊನ್ನಗೆರೆ’ ಎಂಬ ಐವತ್ತು ನಿಮಿಷದ ಪ್ರಯೋಗ ಸಿದ್ಧಪಡಿಸುತ್ತಿದ್ದಳು. ಒಡೆದ ಪಿಂಗಾಣಿಯನ್ನು ಅರಗು ಮತ್ತು ಚಿನ್ನದ ಪುಡಿಯಿಂದ ಕೂಡಿಸಿ, ಬಿರುಕನ್ನು ಮುಚ್ಚದೆ ಎದ್ದು ಕಾಣುವಂತೆ ಬಿಡುವ ಕಲೆಯೊಂದು ಜಪಾನಿನಲ್ಲಿದೆ. ಕಿನ್‌ತ್ಸುಗಿ ಎನ್ನುತ್ತಾರೆ. ಪ್ರಯೋಗ ಅದರ ಮೇಲೆ. ಪೆಟ್ಟು ತಿಂದವರು ಹೇಗೆ ಎದ್ದು ನಿಲ್ಲುತ್ತಾರೆ ಎಂಬುದನ್ನು ಐವರೂ ತಮ್ಮ ಮೈಗೆ ಗೊತ್ತಿರುವ ಒಂದು ಚಲನೆಯಿಂದ ತೋರಿಸಬೇಕು ಎಂದು ಉಮಾ ಹೇಳಿದ್ದಳು. ಚೈತನ್ಯ ತಂದದ್ದು ಈ ಮಡಕೆಯನ್ನು.

ಅವಳ ತಾಯಿ ಪ್ರಮೀಳಾ ಹೆಬ್ಬೂರಿನ ಸರ್ಕಾರಿ ಶಾಲೆಯಲ್ಲಿ ಶಿಕ್ಷಕಿ. ಶನಿವಾರ ಅರ್ಧ ದಿನದ ಶಾಲೆ. ಮುಗಿಸಿಕೊಂಡು, ತುಮಕೂರಿನ ಬಸ್ಸು ಹತ್ತುವ ಬದಲು ಎದುರು ದಿಕ್ಕಿನ ಕುಣಿಗಲ್ ಬಸ್ಸು ಹತ್ತಿ ಮಗಳ ತಾಲೀಮು ನೋಡಲು ಬಂದಿದ್ದಳು. ಮೊದಲ ಸುತ್ತಿನಲ್ಲೇ ಅವಳಿಗೆ ಗೊತ್ತಾಯಿತು. ಹದಿನಾಲ್ಕು ವರ್ಷದ ಹಿಂದೆ ಕಡಬದಲ್ಲಿ ಮಾವ ಲಕ್ಷ್ಮೀನರಸಿಂಹಯ್ಯ ತೀರಿಕೊಂಡಾಗ, ಹಿರಿಯ ಮಗನಾದ ಅವಳ ಗಂಡ ರಂಗನಾಥ್ ಹೀಗೆಯೇ ಎಡ ಹೆಗಲ ಮೇಲೆ ನೀರಿನ ಮಡಕೆ ಹೊತ್ತು ಹೆಣವನ್ನು ಸುತ್ತಿದ್ದ. ಸುತ್ತಿಗೊಂದು ತೂತು ಹಾಕಿದ್ದರು. ಮೂರನೆಯ ಸುತ್ತು ಮುಗಿದ ಮೇಲೆ ಮಡಕೆಯನ್ನು ಹಿಂದಕ್ಕೆ ಬಿಟ್ಟು, ತಿರುಗಿ ನೋಡದೆ ನಡೆದಿದ್ದ. ಅವರ ಮನೆತನದಲ್ಲಿ ಸಾವಿಗೆ ಬಿಟ್ಟರೆ ಇನ್ಯಾವುದಕ್ಕೂ ಆ ಹೆಗಲ ಮೇಲೆ ಮಡಕೆ ಇಡುವುದಿಲ್ಲ.

ಮಡಕೆ ಬಿದ್ದ ಮೇಲೆ ಚೈತನ್ಯ ಏನೋ ಮಾಡಿದಳು. ಪ್ರಮೀಳಾ ನೋಡಲಿಲ್ಲ. ಅವಳ ಕಣ್ಣು ಮಡಿಲಲ್ಲಿದ್ದ ತನ್ನ ಕೈಗಳ ಮೇಲಿತ್ತು. ರಂಗನಾಥನ ಹೃದಯಕ್ಕೆ ಸ್ಟೆಂಟ್ ಹಾಕಿ ಅಂದಿಗೆ ಸರಿಯಾಗಿ ಆರು ವಾರ.

“ಹೆಂಗಿತ್ತಮ್ಮ?” ಚೈತನ್ಯ ಬೆವರು ಒರೆಸಿಕೊಳ್ಳುತ್ತ ಬಂದು ಕೇಳಿದಳು.

“ಚೆನ್ನಾಗಿತ್ತು.”

“ಅಷ್ಟೇನಾ?”

“ಚೆನ್ನಾಗಿತ್ತು ಅಂದ್ನಲ್ಲ. ಬಸ್ಸಿಗೆ ಹೊತ್ತಾಯ್ತು, ಹೊರಡು.”

ಏಳು ಚೂರುಗಳನ್ನು ಚೈತನ್ಯ ಹಳೆಯ ಟವೆಲ್ಲಿನಲ್ಲಿ ಸುತ್ತಿಕೊಂಡು ಬಂದಳು. ಪ್ರದರ್ಶನಕ್ಕೂ ಅದೇ ಮಡಕೆ ಬೇಕು. ಒಡೆದದ್ದನ್ನು ಕೂಡಿಸಬೇಕು, ಮತ್ತೆ ಒಡೆಯಬೇಕು. ಮೊದಲ ಪ್ರದರ್ಶನ ನಾಳೆಯದು ಬಿಟ್ಟು ಎರಡನೆಯ ಭಾನುವಾರ, ಗುಬ್ಬಿಯಲ್ಲಿ. ಆಮೇಲೆ ತುಮಕೂರಿನಲ್ಲಿ. ಜಪಾನಿನವರ ಅರಗು ಒಣಗಲು ವಾರಗಟ್ಟಲೆ ಬೇಕು, ನಮಗೆ ಅಷ್ಟು ಪುರುಸೊತ್ತಿಲ್ಲ ಎಂದು ಉಮಾ ಎರಡು ಟ್ಯೂಬಿನ ಅಂಟು, ಬಂಗಾರದ ಬಣ್ಣದ ಪುಡಿ ಕೊಟ್ಟಿದ್ದಳು.

ತುಮಕೂರಿನ ಶಿರಾ ಗೇಟ್ ಹತ್ತಿರದ ಮನೆಯಲ್ಲಿ ಅಜ್ಜಿ ದೊಡ್ಡಗಂಗಮ್ಮ ಬಾಗಿಲಲ್ಲೇ ತಡೆದರು. ಅವರಿಗೆ ಎಪ್ಪತ್ತನಾಲ್ಕು ವರ್ಷ. ಒಡೆದ ಪಾತ್ರೆ, ಬಿರುಕುಬಿಟ್ಟ ಕನ್ನಡಿ, ತುದಿ ಮುರಿದ ತಟ್ಟೆ ಯಾವುದೂ ಒಂದು ದಿನವೂ ಮನೆಯೊಳಗಿರಕೂಡದೆಂಬುದು ಅವರ ಕಾನೂನು.

“ಏನೇ ಅದು ಟವೆಲ್ಲಲ್ಲಿ?”

“ಮಡಕೆ ಅಜ್ಜಿ. ಅಂಟಿಸಿ ಚಿನ್ನ ಹಚ್ತೀನಿ.”

“ಚಿನ್ನ ಹಚ್ಚೋದಾದ್ರೆ ನನ್ ಓಲೆ ತಿರುಪು ಹೋಗಿ ಆರು ತಿಂಗಳಾಯ್ತು, ಅದಕ್ಕೆ ಹಚ್ಚು. ಒಡೆದ ಓಡು ಒಳಗೆ ತರಬ್ಯಾಡ.”

“ಟೆರೇಸ್ ಮೇಲೆ ಇಡ್ಲಾ?”

“ಮೇಲಿಡು. ನೀರಿನ ಟ್ಯಾಂಕಿನ ಆಚೆ.”

ರಾತ್ರಿ ಊಟಕ್ಕೆ ಮುದ್ದೆ, ಉಪ್ಪು ಕಡಿಮೆ ಹಾಕಿದ ಸೊಪ್ಪಿನ ಸಾರು. ರಂಗನಾಥ್ ಸತ್ಯಮಂಗಲದ ಕೈಗಾರಿಕಾ ಪ್ರದೇಶದಲ್ಲಿ ಪಂಪಿನ ಬಿಡಿಭಾಗ ಮಾಡುವ ಘಟಕವೊಂದರ ಸೂಪರ್‌ವೈಸರ್. ಇನ್ನೂ ರಜೆಯ ಮೇಲಿದ್ದ. ಸಾರಿಗೆ ಕೈ ಅದ್ದಿ, “ಇದು ಸಾರಾ, ಬಟ್ಟೆ ಒಗೆದ ನೀರಾ?” ಎಂದ.

“ಡಾಕ್ಟ್ರನ್ನ ಕೇಳಿ,” ಎಂದಳು ಪ್ರಮೀಳಾ.

“ಡ್ಯಾನ್ಸ್ ಹೆಂಗಿತ್ತು?”

ಅವಳು ಇನ್ನೊಂದು ಸೌಟು ಸಾರು ಬಡಿಸಿದಳು. “ಚೆನ್ನಾಗಿತ್ತು.”

ಗುರುವಾರ ಬೆಳಿಗ್ಗೆ ಏಳಕ್ಕೆ ರಂಗನಾಥ್ ವಾಕಿಂಗ್ ಹೊರಟ. ವೈದ್ಯರು ಹೇಳಿದ್ದು ಅರ್ಧ ಗಂಟೆ. ಅವನು ಒಂದು ನಿಮಿಷ ಹೆಚ್ಚೂ ನಡೆಯುತ್ತಿರಲಿಲ್ಲ, ಕಡಿಮೆಯೂ ನಡೆಯುತ್ತಿರಲಿಲ್ಲ. ಏಳೂ ಐದಕ್ಕೆ ಕಡಬದಿಂದ ದೊಡ್ಡಗಂಗಮ್ಮನ ಎರಡನೆಯ ಮಗ ಅಂಜನಮೂರ್ತಿಯ ಫೋನು ಬಂತು. ಕಿವಿ ಮಂದವಾದ್ದರಿಂದ ಅವರು ಯಾವಾಗಲೂ ಸ್ಪೀಕರ್ ಹಾಕಿಯೇ ಮಾತಾಡುವುದು.

“ಏನವ್ವಾ ಇದು? ನಮ್ಮಣ್ಣ ಇನ್ನೂ ಬದುಕವ್ನೆ ತಾನೆ?”

“ಬಾಯಿಗೆ ಮಣ್ಣಾಕ, ಏನ್ಲಾ ಬೆಳಿಗ್ಗೆ ಬೆಳಿಗ್ಗೆ!”

“ನಮ್ ಹುಡ್ಗ ಸಂತೋಷನ ಫೋನಿಗೆ ಬಂದೈತೆ. ಕಳಿಸಿವ್ನಿ, ನೋಡು.”

ತಂಡದ ಹುಡುಗಿಯೊಬ್ಬಳು ಹಾಕಿದ್ದ ಮೂವತ್ತು ಸೆಕೆಂಡಿನ ವಿಡಿಯೊ. ಚೈತನ್ಯ ಮಡಕೆ ಹೊತ್ತು ಸುತ್ತುತ್ತಾಳೆ, ಬಿಡುತ್ತಾಳೆ, ಮಡಕೆ ಒಡೆಯುತ್ತದೆ. ಅಲ್ಲಿಗೆ ನಿಲ್ಲುತ್ತದೆ. ದೊಡ್ಡಗಂಗಮ್ಮ ಫೋನನ್ನು ಮಾರುದೂರ ಹಿಡಿದು ಮೂರು ಸಲ ನೋಡಿದರು. ಹೋಗಿ ಒಲೆ ಆರಿಸಿದರು. ದೋಸೆ ಕಾವಲಿಯ ಮೇಲೆ ಅರ್ಧ ಬೆಂದಿತ್ತು.

“ಪ್ರಮೀಳಾ, ಇದನ್ನ ನೋಡಿದ್ಯಾ ನೀನು?”

“ನೋಡಿದ್ದೆ ಅತ್ತೆ.”

“ಯಾವತ್ತು?”

“ಶನಿವಾರ.”

“ಶನಿವಾರದಿಂದ ನನ್ ಕೈಲಿ ಮುದ್ದೆ ಕಟ್ಟಿಸ್ಕೊಂಡು ಉಂಡಿದೀಯ. ಒಂದ್ ಮಾತು ಆಡ್ಲಿಲ್ಲ.”

ಚೈತನ್ಯ ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಅಡುಗೆಮನೆಗೆ ಬಂದಳು. ಅಜ್ಜಿ ಫೋನನ್ನು ಅವಳ ಮುಖಕ್ಕೆ ಹಿಡಿದರು.

“ಯಾರಿಗೆ ಹೊತ್ತಿದೀಯೇ ಇದನ್ನ? ಹೆಸ್ರು ಹೇಳು.”

“ಯಾರಿಗೂ ಅಲ್ಲ ಅಜ್ಜಿ. ಡ್ಯಾನ್ಸ್ ಅದು.”

“ಡ್ಯಾನ್ಸಿಗೆ ಸೊಂಟ ಇರ್ಲಿಲ್ವಾ? ತಲೆ ಇರ್ಲಿಲ್ವಾ? ಹೆಣ್ಮಕ್ಳು ಕೊಡ ಹೊರೋ ಜಾಗ ಗೊತ್ತಿಲ್ವಾ ನಿಂಗೆ? ಅಪ್ಪ ಎದೆ ಹಿಡ್ಕೊಂಡು ಮಲಗಿದ್ದ ಮನೇಲಿ ಎಡ ಹೆಗಲೇ ಬೇಕಾಯ್ತಾ?”

“ಒಡೆದ ಮೇಲೆ ಏನ್ ಮಾಡ್ತೀನಿ ಅಂತ ನೋಡ್ಬೇಕು ನೀನು. ವಿಡಿಯೊ ಹಾಕಿದೋಳು ಅದನ್ನ ಕಟ್ ಮಾಡಿದಾಳೆ.”

“ಒಡೆದ ಮೇಲೆ ಏನೈತೆ ನೋಡಕ್ಕೆ?”

“ಅಜ್ಜಿ, ಬರೀ ಅರ್ಧ ನೋಡ್ಕೊಂಡು...”

“ಗುಬ್ಬೀಲಿ ತಾನೆ ಕುಣಿಯೋದು? ನಮ್ಮ ತಾಲ್ಲೂಕಲ್ಲೇ? ಕಡಬದಿಂದ ಅರ್ಧ ಊರು ಬರುತ್ತೆ. ಕೇಳ್ಕೋ. ಸೊಂಟದ ಮೇಲಿಟ್ಕೊಂಡು ಕುಣಿ, ಯಾರ್ ಬೇಡ ಅಂತಾರೆ? ಇಲ್ಲ ಅಂದ್ರೆ ನಾನು ಈ ಮನೇಲಿರಲ್ಲ.”

ಗೇಟಿನ ಚಿಲಕ ಸದ್ದಾಯಿತು. ಏಳೂವರೆ. ದೊಡ್ಡಗಂಗಮ್ಮ ಫೋನನ್ನು ಸೆರಗಿನಡಿ ಸೇರಿಸಿದರು, ಪ್ರಮೀಳಾ ಒಲೆ ಹಚ್ಚಿದಳು, ಚೈತನ್ಯ ಬಚ್ಚಲಿಗೆ ನಡೆದಳು.

“ಏನಂತೆ ಫೋನು?” ಎಂದು ರಂಗನಾಥ್ ಶೂ ಬಿಚ್ಚುತ್ತ ಕೇಳಿದ. “ಹೋಗೋವಾಗ ಬೀದಿ ಕೊನೇಗೇ ಕೇಳ್ತಿತ್ತು ಅಂಜನನ ಗಂಟಲು.”

“ಕಡಬದಲ್ಲಿ ಮಳೆ ಬಂತಂತೆ,” ಎಂದರು ತಾಯಿ.

ಅವನು ಕಿಟಕಿಯಾಚೆ ನೋಡಿದ. ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ.

ಆ ಮಧ್ಯಾಹ್ನ ಪ್ರಮೀಳಾ ಎರಡನೆಯ ತಪ್ಪು ಮಾಡಿದಳು. ಮಕ್ಕಳು ಬಿಸಿಯೂಟಕ್ಕೆ ಕುಳಿತಿದ್ದಾಗ ಹೆಬ್ಬೂರಿನ ಶಾಲೆಯ ಬೇವಿನ ಮರದ ಕೆಳಗೆ ನಿಂತು ಉಮಾಗೆ ಫೋನ್ ಮಾಡಿ, ಮಡಕೆಯನ್ನು ಸೊಂಟಕ್ಕೆ ಬದಲಾಯಿಸಲು ಆಗುತ್ತದೆಯೇ ಎಂದು ಕೇಳಿದಳು.

“ಬದಲಾಯಿಸಬಹುದು ಮೇಡಂ,” ಎಂದಳು ಉಮಾ. “ಆದ್ರೆ ಅದು ನಾನು ಕೊಟ್ಟಿದ್ದಲ್ಲ. ಅವಳೇ ತಂದಿದ್ದು. ನೀವು ಫೋನ್ ಮಾಡಿರೋದು ಅವಳಿಗೆ ಗೊತ್ತಾ?”

“ಗೊತ್ತಿಲ್ಲ. ನಾನು ಹೇಳ್ದೆ ಅಂತ ಹೇಳ್ಬೇಡಿ.”

“ಹೇಳ್ದೆ ಹೆಂಗೆ ಮೇಡಂ ಬದಲಾಯಿಸ್ಲಿ?”

ಉಮಾ ಹೇಳಿದಳು. ಶುಕ್ರವಾರ ಸಂಜೆ ಪ್ರಮೀಳಾ ಟೆರೇಸಿನಲ್ಲಿ ಒಣಗಿದ ಬಟ್ಟೆ ಎಳೆಯುತ್ತಿದ್ದಾಗ ಚೈತನ್ಯ ಮೆಟ್ಟಿಲು ಹತ್ತಿ ಬಂದಳು. ಟ್ಯಾಂಕಿನಾಚೆ ಮಡಕೆ ಇಡಿಯಾಗಿ ನಿಂತಿತ್ತು. ಮೈತುಂಬ ಬಂಗಾರದ ಗೆರೆ.

“ನನ್ನನ್ನ ಕೇಳ್ಬಹುದಿತ್ತಲ್ಲ ಅಮ್ಮ.”

“ಕೇಳಿದ್ರೆ ಒಪ್ತಿದ್ಯಾ?”

“ಇಲ್ಲ.”

“ಮತ್ತೆ?”

“ಶನಿವಾರ ಅಲ್ಲೇ ಬೈದಿದ್ರೂ ಆಗ್ತಿತ್ತು. ನೀನು ಚೆನ್ನಾಗಿತ್ತು ಅಂದೆ. ಆಮೇಲೆ ಉಮಾ ಮೇಡಂಗೆ ಫೋನ್ ಮಾಡ್ದೆ.”

ಪ್ರಮೀಳಾ ಕ್ಲಿಪ್ಪುಗಳನ್ನು ಡಬ್ಬಿಗೆ ಹಾಕುತ್ತ ಕೇಳಿದಳು: “ಅದು ಏನು ಅಂತ ನಿಂಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ಗೊತ್ತಿದ್ದೂ ಮಾಡಿದ್ಯಾ?”

“ಆಸ್ಪತ್ರೇಲಿ ಆವತ್ತು ನೀನು ಬಸ್ಸಲ್ಲಿದ್ದೆ. ಫಾರಂಗೆ ಸೈನ್ ಹಾಕಿದ್ದು ನಾನು. ನಾಲ್ಕು ಕಡೆ ಹಾಕಿಸ್ಕೊಂಡ್ರು. ಏನಾದ್ರೂ ಆದ್ರೆ ನಾವು ಜವಾಬ್ದಾರಿ ಅಲ್ಲ ಅಂತ ಬರೆದಿತ್ತು, ಓದ್ಕೊಂಡೇ ಹಾಕಿದೆ. ಈಚೆ ಬಂದ್ರೆ ಕಾರಿಡಾರಲ್ಲಿ ಅಜ್ಜಿ ಯಾರ ಹತ್ರಾನೋ ಅಳ್ತಾ ಹೇಳ್ತಿದ್ಲು, ‘ನನ್ ಮಗನಿಗೆ ಗಂಡು ದಿಕ್ಕಿಲ್ಲ, ಹೊತ್ತು ಬಂದ್ರೆ ಮಡಕೆ ಹೊರಾಕೆ ಸಂತೋಷ ಅವ್ನೆ, ಬುಡು’ ಅಂತ.” ಚೈತನ್ಯ ಒಣಗಿದ ದುಪಟ್ಟಾವನ್ನು ಮಡಿಸಿ ಮತ್ತೆ ಬಿಚ್ಚಿದಳು. “ಸೈನ್ ಹಾಕಕ್ಕೆ ನಾನು, ಮಡಕೆ ಹೊರೋಕೆ ಸಂತೋಷಣ್ಣ. ಅವನು ಅವತ್ತು ಆಸ್ಪತ್ರೆಗೇ ಬಂದಿರ್ಲಿಲ್ಲ.”

ಪ್ರಮೀಳಾ ಡಬ್ಬಿಯ ಮುಚ್ಚಳ ಹಾಕಿದಳು. “ಅತ್ತೆ ಹೆದರಿ ಅಂದಿದ್ದು ಕಣೇ,” ಎಂದಳು.

“ನಾನೂ ಹೆದರಿದ್ದೆ.”

ಭಾನುವಾರ ಬೆಳಿಗ್ಗೆ ದೊಡ್ಡಗಂಗಮ್ಮ ಎರಡು ಸೀರೆ, ಬಿ.ಪಿ. ಮಾತ್ರೆ, ಎಲೆಯಡಿಕೆ ಸಂಚಿ ಚೀಲಕ್ಕೆ ತುಂಬಿಕೊಂಡರು. ತೆಂಗಿನಕಾಯಿ ಕೆಡವುತ್ತಾರೆ, ನೋಡಿ ಬರುತ್ತೇನೆ ಎಂದು ಮಗನಿಗೆ ಹೇಳಿದರು. ಬಸ್‌ಸ್ಟ್ಯಾಂಡಿಗೆ ಬಿಡಲು ಹೋದ ಸೊಸೆಗೆ ಹೇಳಿದ್ದು ಬೇರೆ.

“ಅವನಿಗೆ ತಿಳೀಬಾರ್ದು. ಎದೆ ತಡೆಯಲ್ಲ.”

“ಬನ್ನಿ ಅತ್ತೆ, ಮನೆಗೆ ಹೋಗಣ. ನಾನು ಇನ್ನೊಂದ್ಸಲ ಹೇಳ್ತೀನಿ ಅವಳಿಗೆ.”

“ಹೇಳು. ಸೊಂಟಕ್ಕೆ ಬಂದ ದಿನ ನಾನೂ ಬರ್ತೀನಿ.”

ಮೂರು ದಿನ ಮನೆಯಲ್ಲಿ ಬೇಕಾದಷ್ಟೇ ಮಾತು. ಮುದ್ದೆ ಕಟ್ಟುವ ಕೈ ಬದಲಾಗಿ ಗಂಟುಗಂಟಾಯಿತು. ಚೈತನ್ಯ ಬೆಳಿಗ್ಗೆ ಆರಕ್ಕೆ ಕುಣಿಗಲ್ ಬಸ್ಸು ಹಿಡಿದರೆ ಸಂಜೆ ಬರುತ್ತಿದ್ದಳು. ರಂಗನಾಥ್ ತಟ್ಟೆಯ ಮುಂದೆ ಕುಳಿತು ಹೆಂಡತಿಯನ್ನೂ ಮಗಳನ್ನೂ ನೋಡುತ್ತಿದ್ದ. ಬುಧವಾರ ಸಂಜೆ ಅಂಜನಮೂರ್ತಿ ಅವನಿಗೇ ಫೋನ್ ಮಾಡಿದ. ಅವ್ವ ಎರಡು ದಿನದಿಂದ ಒಂದೇ ಹೊತ್ತು ಉಣ್ಣುತ್ತಿದ್ದಾಳೆ, ನಿನ್ನ ಮಗಳಿಗೆ ಬುದ್ಧಿ ಹೇಳು ಎಂದ. ಆಮೇಲೆ ವಿಡಿಯೊ ಕಳಿಸಿದ.

ಪ್ರಮೀಳಾ ಶಾಲೆಯಿಂದ ಬಂದಾಗ ರಂಗನಾಥ್ ಹಾಲ್‌ನಲ್ಲಿ ಕುಳಿತಿದ್ದ. ಮುಂದೆ ಟೀಪಾಯಿಯ ಮೇಲೆ ಮಡಕೆ. ಅವನೇ ಮೇಲಿಂದ ಇಳಿಸಿ ತಂದಿದ್ದ.

“ಅಯ್ಯೋ, ನೀವ್ಯಾಕೆ ಎತ್ಕೊಂಡ್ರಿ? ಎರಡು ಕೆ.ಜಿ. ಮೇಲೆ ಎತ್ಬಾರ್ದು ಅಂದಿದಾರೆ!”

“ಒಂದೂವರೆ ಐತೆ, ತೂಕ ಹಾಕ್ದೆ.” ಅಡುಗೆಮನೆಯ ತಕ್ಕಡಿ ಪಕ್ಕದಲ್ಲೇ ಇತ್ತು. “ಈ ಮನೇಲಿ ಏನ್ ನಡೀತಿದೆ ಅಂತ ನಂಗೊಬ್ಬನಿಗೆ ಗೊತ್ತಿಲ್ಲ. ಕಡಬಕ್ಕೆ ಗೊತ್ತು, ಕುಣಿಗಲ್‌ಗೆ ಗೊತ್ತು.”

“ನಿಮ್ಮ ಎದೆಗೆ...”

“ನನ್ ಎದೆಗೆ ಸ್ಟೆಂಟ್ ಹಾಕವ್ರೆ, ಕಿವಿಗೆ ಹತ್ತಿ ಹಾಕಿಲ್ಲ.”

ಪ್ರಮೀಳಾ ಬ್ಯಾಗು ಕೆಳಗಿಟ್ಟು ಎಲ್ಲ ಹೇಳಿದಳು. ತಾನು ಮೊದಲೇ ನೋಡಿದ್ದು, ಹೇಳದೇ ಇದ್ದದ್ದು, ಉಮಾಗೆ ಫೋನ್ ಮಾಡಿದ್ದು, ಆಸ್ಪತ್ರೆಯ ಕಾರಿಡಾರಿನ ಮಾತು. ಅವನು ನಡುವೆ ಒಂದೇ ಪ್ರಶ್ನೆ ಕೇಳಿದ. “ಎಷ್ಟು ಸೈನು ಅಂದೆ?”

“ನಾಲ್ಕು.”

ಆರೂವರೆಗೆ ಚೈತನ್ಯ ಬಂದಳು. ಟೀಪಾಯಿಯ ಮೇಲಿನ ಮಡಕೆ ಕಂಡು ಬಾಗಿಲಲ್ಲೇ ನಿಂತಳು.

“ಎತ್ಕೋ,” ಎಂದ ರಂಗನಾಥ್. “ಹೆಂಗೆ ಹೊರ್ತೀಯ ನೋಡಣ.”

“ಅಪ್ಪ, ಬೇಡ.”

“ರೀ, ಮನೆಯೊಳಗೆ ಬೇಡ,” ಎಂದಳು ಪ್ರಮೀಳಾ. “ದೀಪ ಹಚ್ಚೋ ಹೊತ್ತು.”

“ಹಂಗಾದ್ರೆ ಟೆರೇಸಿಗೆ ನಡೀರಿ. ಪ್ರಮೀಳಾ, ಒಂದು ಬಿಂದಿಗೆ ನೀರು ತಾ.”

ಅವಳು ನಿಂತೇ ಇದ್ದಳು. ಅವನು ತಾನೇ ಬಿಂದಿಗೆಯತ್ತ ಹೊರಟಾಗ ಕಿತ್ತುಕೊಂಡು ಮೇಲೆ ಒಯ್ದಳು. ಮಡಕೆಗೆ ನೀರು ಹುಯ್ದದ್ದೂ ಅವಳೇ. ಒಂದು ಗೆರೆಯ ಕೆಳಗೆ ಹನಿ ಮೂಡಿ ಇಳಿಯಿತು. ಉಳಿದ ಗೆರೆಗಳು ತಡೆದವು.

ಚೈತನ್ಯ ಮಡಕೆಯನ್ನು ಎಡ ಹೆಗಲಿಗೇರಿಸಿದಳು. ಭಾರಕ್ಕೆ ಒಂದು ಹೆಜ್ಜೆ ಜೋಲಿ ಹೊಡೆಯಿತು.

“ಗೊತ್ತಾಯ್ತಾ?” ಎಂದ ರಂಗನಾಥ್. “ಖಾಲಿ ಮಡಕೆ ಹೊತ್ಕೊಂಡು ಸುತ್ತಿದೀಯ ವಿಡಿಯೋದಲ್ಲಿ. ಖಾಲಿ ಯಾರೂ ಹೊರಲ್ಲ. ಕೈ ಬಾಯಿಗೆ ಹಾಕ್ಬೇಡ, ಕತ್ತಿನ ಕೆಳಗೆ ಹಿಡಿ. ಹಾಂ. ನಮ್ಮಪ್ಪನಿಗೆ ಹೊತ್ತಾಗ ನಂಗೂ ಮೊದಲ್ನೇ ಸುತ್ತಿಗೆ ಬೆನ್ನು ಬಗ್ಗಿತ್ತು. ಎರಡಕ್ಕೆ ಅರ್ಧ ನೀರು ಹೋಗುತ್ತೆ. ಮೂರಕ್ಕೆ ಹಗುರ. ಆ ಹಗುರಾನೇ ತಡ್ಕೊಳ್ಳಕ್ಕೆ ಆಗಲ್ಲ.”

ಟ್ಯಾಂಕಿನಿಂದ ಕೈಪಿಡಿಗೋಡೆಗೆ, ಅಲ್ಲಿಂದ ಬಟ್ಟೆಯ ತಂತಿಗೆ ಅವಳು ಸುತ್ತಿದಳು. ಪ್ರಮೀಳಾಗೆ ಗಂಡನ ಮುಖ ನೋಡಲು ಆಗಲಿಲ್ಲ. ಅವನ ಕಾಲು ನೋಡುತ್ತಿದ್ದಳು. ಮಗಳು ಸುತ್ತಿದತ್ತಲೇ ಆ ಕಾಲೂ ತಿರುಗುತ್ತಿತ್ತು.

“ಬಿಡಬೇಡ, ಭಾನುವಾರಕ್ಕಿರ್ಲಿ,” ಎಂದ ಅವನು. “ಬಿಟ್ಟ ಮೇಲೆ ತಿರುಗಿ ನೋಡಬಾರ್ದು. ಅಷ್ಟು ಗೊತ್ತು ತಾನೆ?”

“ನಾನು ನೋಡ್ತೀನಪ್ಪ.” ಚೈತನ್ಯ ಮಡಕೆಯನ್ನು ಇಳಿಸಿದಳು. “ಡ್ಯಾನ್ಸಲ್ಲಿ ಅದೇ ಇರೋದು. ಮೂರು ಹೆಜ್ಜೆ ಹೋಗಿ ತಿರುಗ್ತೀನಿ. ಕೂತ್ಕೊಂಡು ಚೂರು ಆರಿಸ್ತೀನಿ. ಇಪ್ಪತ್ತು ನಿಮಿಷ ಅದೇ. ವಿಡಿಯೋದಲ್ಲಿ ಅದಿಲ್ಲ.”

ತಾಲೀಮಿನ ಶನಿವಾರ ತಾನೇ ಎದುರಿಗೆ ಕುಳಿತೂ ನೋಡದೇ ಬಿಟ್ಟದ್ದು ಇದು ಎಂದು ಪ್ರಮೀಳಾಗೆ ಆಗ ಗೊತ್ತಾಯಿತು.

ರಂಗನಾಥ್ ಕೈಪಿಡಿಗೋಡೆಯ ಮೇಲೆ ಕುಳಿತ. “ಹೊರ್ಲಿ ಬಿಡು ಪ್ರಮೀಳಾ,” ಎಂದ. “ಹೆಂಗಿದ್ರೂ ಇವಳೇ ಹೊರಬೇಕು.”

“ಏನ್ ಮಾತು ಅಂತ ಆಡ್ತೀರಾ!”

“ಇವತ್ತಲ್ಲ. ಇನ್ನು ಇಪ್ಪತ್ತು ವರ್ಷ ಆಗ್ಲಿ. ಅಷ್ಟರೊಳಗೆ ನೀನು ಸಾರಿಗೆ ಉಪ್ಪು ಹಾಕ್ಬೇಕು, ಅಷ್ಟೇ.”

ಮೂವರಲ್ಲಿ ನಕ್ಕವನು ಅವನೊಬ್ಬನೇ.

ಭಾನುವಾರ ಸಂಜೆ ಆರೂವರೆಗೆ ಗುಬ್ಬಿಯ ರಂಗಮಂದಿರದಲ್ಲಿ ನೂರೆಂಬತ್ತು ಜನ ಇದ್ದರು. ನೀರು ತುಂಬಿದ ಮಡಕೆ ಎಂದಾಗ ಉಮಾ ಮೊದಲು ಹಿಂಜರಿದಿದ್ದಳು. ಹಲಗೆ ಒದ್ದೆಯಾದರೆ ಉಳಿದ ನಾಲ್ವರು ಜಾರುತ್ತಾರೆ. ಕೊನೆಗೆ ಚೈತನ್ಯಳ ಭಾಗವನ್ನು ಕಟ್ಟಕಡೆಗೆ ಹಾಕಿದಳು. ಆರೂ ಇಪ್ಪತ್ತೈದಕ್ಕೆ ಸಂತೋಷ್ ಅಜ್ಜಿಯನ್ನು ಬೈಕಿನಲ್ಲಿ ಕರೆತಂದ. ದೊಡ್ಡಗಂಗಮ್ಮ ಸೊಸೆಯ ಪಕ್ಕ ಕೂರಲಿಲ್ಲ. ಬಾಗಿಲ ಹತ್ತಿರದ ಕುರ್ಚಿ ಹಿಡಿದರು. “ಯಾವ ಕಡೆ?” ಎಂದು ಕೇಳಿ ಬರಲು ಸಂತೋಷನನ್ನು ಕಳಿಸಿದರು.

“ದೊಡ್ಡಮ್ಮ, ಎಡಕ್ಕೇ ಅಂತ ಹೇಳ್ಲಾ?” ಸಂತೋಷ್ ಪ್ರಮೀಳಾಳನ್ನು ಕೇಳಿದ.

“ಹೇಳು,” ಎಂದಳು ಪ್ರಮೀಳಾ. “ಇದನ್ನೂ ಮುಚ್ಚಿಡೋದು ಬೇಡ.”

ಏಳಕ್ಕೆ ಎರಡು ನಿಮಿಷವಿದ್ದಾಗ ಮಡಕೆ ಹೆಗಲೇರಿತು. ಹಿಂದಿನ ಸಾಲುಗಳಿಂದ ‘ಥತ್’ ಎಂಬ ದನಿ ಬಂತು, ಒಂದಿಬ್ಬರು ಎದ್ದರು. ಪ್ರಮೀಳಾ ತಿರುಗಿ ನೋಡಿದಳು. ಬಾಗಿಲ ಹತ್ತಿರದ ಕುರ್ಚಿ ಖಾಲಿಯಾಗಿತ್ತು. ಪಕ್ಕದಲ್ಲಿ ರಂಗನಾಥ್ ಎರಡೂ ಕೈಯನ್ನು ಮಂಡಿಯ ಮೇಲಿಟ್ಟುಕೊಂಡು ಸುತ್ತು ಎಣಿಸುತ್ತಿದ್ದ. ಮೂರನೆಯದು ಮುಗಿದು ಮಡಕೆ ಬಿತ್ತು, ನೀರು ಹಲಗೆಯ ತುಂಬ ಹರಿಯಿತು. ಚೈತನ್ಯ ಒಂದು, ಎರಡು, ಮೂರು ಹೆಜ್ಜೆ ಹೋಗಿ ತಿರುಗಿದಳು. ಆಮೇಲಿನ ಇಪ್ಪತ್ತು ನಿಮಿಷವನ್ನು ಪ್ರಮೀಳಾ ಕಣ್ಣು ತೆಗೆಯದೆ ನೋಡಿದಳು.

ಹೊರಗೆ ಮೆಟ್ಟಿಲಿನ ಮೇಲೆ ದೊಡ್ಡಗಂಗಮ್ಮ ಎಲೆಗೆ ಸುಣ್ಣ ಹಚ್ಚುತ್ತ ಕುಳಿತಿದ್ದರು. ಸೊಸೆಯ ಜೊತೆ ಮಗ ಬಂದು ಎದುರು ನಿಂತಾಗ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದರು.

“ಪೂರಾ ನೋಡಿದ್ಯಾ?”

“ನೋಡ್ದೆ ಅವ್ವ.”

“ಎದೆ?”

“ಐತೆ ಇನ್ನೂ.” ಅವನು ಪಕ್ಕದಲ್ಲಿದ್ದ ಸಂತೋಷನ ಕಡೆ ತಿರುಗಿದ. “ಸಂತೋಷ, ನಿಮ್ಮಪ್ಪನಿಗೂ ಹೇಳು. ಹೊತ್ತು ಬಂದಾಗ ನಂಗೆ ಹೊರೋದು ಚೈತನ್ಯ. ನೀನು ಪಕ್ಕದಲ್ಲಿ ನಡ್ಕೊಂಡು ತೂತು ಹಾಕು.”

ಸಂತೋಷ್ ಅಜ್ಜಿಯ ಮುಖ ನೋಡಿದ, ದೊಡ್ಡಪ್ಪನ ಮುಖ ನೋಡಿದ. “ಹೂಂ ದೊಡ್ಡಪ್ಪ,” ಎಂದ. “ನಂಗೂ ಹೆಗಲು ನೋವು.”

ದೊಡ್ಡಗಂಗಮ್ಮ ನಗಲಿಲ್ಲ. “ಕಡಬಕ್ಕೆ ಹೊತ್ತಾಯ್ತು, ಬೈಕ್ ತೆಗಿಲಾ,” ಎಂದು ಎದ್ದರು. ನಾಲ್ಕು ಮೆಟ್ಟಿಲು ಇಳಿದವರು ನಿಂತು, ಸೊಸೆಯನ್ನು ಕೇಳಿದರು. “ಚೂರು ಎಲ್ಲಾ ಆರಿಸಿದ್ಲಾ? ಕಾಲಿಗೆ ಚುಚ್ಚಲಿಲ್ವಾ?”

“ಎಲ್ಲಾ ಆರಿಸಿದ್ಲು ಅತ್ತೆ. ಚುಚ್ಚಲಿಲ್ಲ.”

ಬುಧವಾರ ಬೆಳಿಗ್ಗೆ ಒಂಬತ್ತೂ ಕಾಲಿಗೆ ದೊಡ್ಡಗಂಗಮ್ಮ ತುಮಕೂರಿನ ಮನೆಗೆ ಬಂದರು. ಸೊಂಟದ ಮೇಲೆ ಒಂದು ಹೊಸ ಮಡಕೆಯಿತ್ತು. ಅದನ್ನು ಅಡುಗೆಮನೆಯಲ್ಲಿಟ್ಟು ಕುಡಿಯುವ ನೀರು ತುಂಬಿಸಿದರು. ಹಳೆಯದು ಎಲ್ಲಿ ಎಂದು ಕೇಳಿದರು. ಟೆರೇಸಿನಲ್ಲಿ ಎಂದಾಗ, ಅಲ್ಲೇ ಇರಲಿ, ಕೆಳಗೆ ತರಬೇಡಿ ಎಂದರು.

ತುಮಕೂರಿನ ಪ್ರದರ್ಶನ ಮುಂದಿನ ಶನಿವಾರ ನಡೆಯಿತು. ಪ್ರಮೀಳಾ ಮೂರು ಪಾಸು ತಂದಿದ್ದಳು, ಎರಡು ಬಳಕೆಯಾದವು. ಮಡಕೆ ಹನ್ನೊಂದು ಚೂರಾಯಿತು. ಅಂದು ರಾತ್ರಿ ಊಟಕ್ಕೆ ಮುದ್ದೆ ಕಟ್ಟಿ ಇಟ್ಟಿದ್ದವರು ದೊಡ್ಡಗಂಗಮ್ಮ.